ಕೋರ್ಟಲ್ಲಿ ಗೆದ್ದ ಫೋಟೊಗಳು ಖಜಾನೆಯಲ್ಲಿ ಸೋತಿದ್ದು ಹೇಗೆ? ರಾಬರ್ಟ್ ಮೇಪಲ್‌ಥಾರ್ಪ್ ಕಥೆ

(ಪಾಡ್‌ಕಾಸ್ಟ್ ಎಪಿಸೋಡ್‌ನ ಅಕ್ಷರರೂಪ. ಮಾತಿನ ಧಾಟಿ ಹಾಗೇ ಉಳಿಸಿಕೊಂಡು, ಓದೋಕೆ ಬೇಕಾದಷ್ಟು ಮಾತ್ರ ತಿದ್ದಲಾಗಿದೆ.)

ಶುರು ಮಾಡೋಕೆ ಮುಂಚೆ ಒಂದು ಮಾತು. ಇವತ್ತಿನ ಎಪಿಸೋಡ್‌ನಲ್ಲಿ ನಗ್ನತೆ, ಲೈಂಗಿಕತೆ, ಏಡ್ಸ್ ಬಗ್ಗೆ ಮಾತಿದೆ. ಪಕ್ಕದಲ್ಲಿ ಚಿಕ್ಕ ಮಕ್ಕಳಿದ್ದರೆ ಇಯರ್‌ಫೋನ್ ಹಾಕ್ಕೊಳ್ಳಿ.

ನಾನು ಬಿಕಾಂ ಓದಿದವನು. ಯಾವ ಜಗಳದ ಸುದ್ದಿ ಬಂದರೂ ನಾನು ಮೊದಲು ಕೇಳೋದು ಎರಡೇ ಪ್ರಶ್ನೆ: ಎಷ್ಟು ದುಡ್ಡು, ಯಾರ ದುಡ್ಡು? ಇವತ್ತಿನ ಕಥೆಯಲ್ಲಿ ಆ ಮೊತ್ತ 30 ಸಾವಿರ ಡಾಲರ್. ಅಮೆರಿಕದ ಕೇಂದ್ರ ಸರ್ಕಾರಕ್ಕೆ ಕಲೆಗಂತಲೇ ಅನುದಾನ ಕೊಡುವ ಒಂದು ಸಂಸ್ಥೆ ಇದೆ. ಹೆಸರು ನ್ಯಾಷನಲ್ ಎಂಡೋಮೆಂಟ್ ಫಾರ್ ದಿ ಆರ್ಟ್ಸ್, ಚಿಕ್ಕದಾಗಿ ಎನ್‌ಇಎ. ಅದು ಫಿಲಡೆಲ್ಫಿಯಾದ ಒಂದು ಕಲಾ ಕೇಂದ್ರಕ್ಕೆ ಒಬ್ಬ ಫೋಟೊಗ್ರಾಫರ್‌ನ ಪ್ರದರ್ಶನ ಮಾಡೋಕೆ ಕೊಟ್ಟ ದುಡ್ಡು ಇಷ್ಟೇ. ಆ ಕಾಲದಲ್ಲಿ ಎನ್‌ಇಎಯ ವರ್ಷದ ಬಜೆಟ್ ಸುಮಾರು 17 ಕೋಟಿ ಡಾಲರ್. ನಿಮ್ಮ ಜೇಬಲ್ಲಿ 10 ಸಾವಿರ ರೂಪಾಯಿ ಇದೆ ಅಂದ್ಕೊಳ್ಳಿ. ಅದರಲ್ಲಿ ಎರಡು ರೂಪಾಯಿಗೂ ಕಡಿಮೆ.

ಈ ಎರಡು ರೂಪಾಯಿಗೋಸ್ಕರ ಅಮೆರಿಕದ ಸಂಸತ್ತಿನಲ್ಲಿ ಗಲಾಟೆ ಆಯ್ತು. ಒಂದು ದೊಡ್ಡ ಗ್ಯಾಲರಿಯ ಮಾನ ಹೋಯ್ತು. ಇನ್ನೊಂದು ಊರಲ್ಲಿ ಮ್ಯೂಸಿಯಂ ನಿರ್ದೇಶಕರೊಬ್ಬರು ಕಟಕಟೆಯಲ್ಲಿ ನಿಂತರು. ಫೋಟೊ ತೆಗೆದವನು ಅಷ್ಟರಲ್ಲಿ ತೀರಿಹೋಗಿದ್ದ. ಅವನ ಹೆಸರು ರಾಬರ್ಟ್ ಮೇಪಲ್‌ಥಾರ್ಪ್.

ಯಾರೀತ?

1946ರ ನವೆಂಬರ್ 4ರಂದು ನ್ಯೂಯಾರ್ಕಿನ ಕ್ವೀನ್ಸ್ ಭಾಗದ ಫ್ಲೋರಲ್ ಪಾರ್ಕ್‌ನಲ್ಲಿ ಹುಟ್ಟಿದ್ದು. ಅಪ್ಪ ಎಂಜಿನಿಯರ್, ಮನೆ ತುಂಬ ಆರು ಮಕ್ಕಳು, ಕಟ್ಟಾ ಕ್ಯಾಥೊಲಿಕ್ ಕುಟುಂಬ. ಭಾನುವಾರ ಚರ್ಚು ತಪ್ಪಿಸೋ ಹಾಗಿಲ್ಲ. ಈ ಚರ್ಚನ್ನು ನೆನಪಲ್ಲಿಟ್ಟುಕೊಳ್ಳಿ. ಪೂಜಾಪೀಠದ ಮೇಲೆ ನಡುಮಧ್ಯೆ ಶಿಲುಬೆ, ಆ ಕಡೆ ಈ ಕಡೆ ಸರಿಸಮವಾಗಿ ಮೇಣದಬತ್ತಿ. ಮುಂದೆ ಈತ ಏನನ್ನೇ ಫೋಟೊ ತೆಗೆದರೂ ಅದೇ ಜೋಡಣೆ ಕಾಣುತ್ತೆ.

ಬ್ರೂಕ್ಲಿನ್‌ನ ಪ್ರ್ಯಾಟ್ ಇನ್‌ಸ್ಟಿಟ್ಯೂಟ್‌ನಲ್ಲಿ ಕಲೆ ಓದೋಕೆ ಸೇರಿದ, ಡಿಗ್ರಿ ಮುಗಿಸಲಿಲ್ಲ. 1967ರಲ್ಲಿ ಪ್ಯಾಟಿ ಸ್ಮಿತ್ ಪರಿಚಯ ಆಯ್ತು. ಆಗ ಆಕೆ ಕೂಡ ಯಾರೂ ಅಲ್ಲ, ಕವನ ಬರೀತಿದ್ದ ಹುಡುಗಿ. ಇಬ್ಬರೂ ಪ್ರೇಮಿಗಳಾಗಿದ್ದರು, ಆಮೇಲೆ ಈತನಿಗೆ ತನ್ನ ಒಲವು ಗಂಡಸರ ಕಡೆ ಅಂತ ಸ್ಪಷ್ಟವಾಯ್ತು. ಆದರೂ ಸ್ನೇಹ ಕೊನೆತನಕ ಉಳೀತು. ಚೆಲ್ಸಿ ಹೋಟೆಲಿನ ಒಂದು ಪುಟ್ಟ ರೂಮಲ್ಲಿ ಇಬ್ಬರೂ ಇದ್ದ ದಿನಗಳನ್ನು ಪ್ಯಾಟಿ ಸ್ಮಿತ್ ಮುಂದೆ 'ಜಸ್ಟ್ ಕಿಡ್ಸ್' ಅನ್ನೋ ಪುಸ್ತಕದಲ್ಲಿ ಬರೆದರು. ಅದಕ್ಕೆ 2010ರಲ್ಲಿ ಅಮೆರಿಕದ ನ್ಯಾಷನಲ್ ಬುಕ್ ಅವಾರ್ಡ್ ಬಂತು. 1975ರಲ್ಲಿ ಬಂದ ಅವರ 'ಹಾರ್ಸಸ್' ಆಲ್ಬಮ್‌ನ ಕವರ್ ನೋಡಿರಬಹುದು: ಬಿಳಿ ಅಂಗಿ, ಹೆಗಲ ಮೇಲೆ ಕರಿ ಜಾಕೆಟ್, ಹಿಂದೆ ಬರೀ ಗೋಡೆ. ಅದನ್ನು ತೆಗೆದಿದ್ದು ಈತನೇ.

ಮಜಾ ಏನಂದ್ರೆ, ಈತ ಫೋಟೊಗ್ರಾಫರ್ ಆಗಬೇಕು ಅಂತ ಹೊರಟವನಲ್ಲ. ಪತ್ರಿಕೆಗಳಿಂದ ಚಿತ್ರ ಕತ್ತರಿಸಿ ಅಂಟಿಸಿ ಕೊಲಾಜ್ ಮಾಡ್ತಿದ್ದ. ಬೇರೆಯವರ ಚಿತ್ರ ಕತ್ತರಿಸೋ ಬದಲು ನಾನೇ ತೆಗೆದರೆ ಹೇಗೆ ಅಂತ 1970ರ ಸುಮಾರಿಗೆ ಪೋಲರಾಯ್ಡ್ ಕ್ಯಾಮೆರಾ ಹಿಡಿದ. ಕ್ಲಿಕ್ ಮಾಡಿದ ನಿಮಿಷದಲ್ಲಿ ಚಿತ್ರ ಕೈಗೆ ಬರುತ್ತೆ. ಲ್ಯಾಬಿಗೆ ಕೊಡಬೇಕಿಲ್ಲ. ಇದು ಬರೀ ಅನುಕೂಲದ ವಿಷಯ ಅಲ್ಲ. ಗಂಡು ಗಂಡಿನ ಪ್ರೀತಿಯನ್ನು ಚಿತ್ರಿಸೋನಿಗೆ ಮಧ್ಯೆ ಯಾವ ಲ್ಯಾಬ್ ಕೆಲಸಗಾರನೂ ಇರಲ್ಲ ಅನ್ನೋದು ದೊಡ್ಡ ಸ್ವಾತಂತ್ರ್ಯ.

1972ರಲ್ಲಿ ಸ್ಯಾಮ್ ವ್ಯಾಗ್‌ಸ್ಟಾಫ್ ಸಿಕ್ಕರು. ಮ್ಯೂಸಿಯಂ ಕ್ಯುರೇಟರ್ ಆಗಿದ್ದ ಶ್ರೀಮಂತ, ಈತನಿಗಿಂತ 25 ವರ್ಷ ದೊಡ್ಡವರು. ಪ್ರೇಮಿ, ಪೋಷಕ, ಗುರು ಎಲ್ಲ ಅವರೇ. ವಾಸಕ್ಕೂ ಸ್ಟುಡಿಯೋಗೂ ಜಾಗ ಕೊಡಿಸಿದರು, ಹ್ಯಾಸೆಲ್‌ಬ್ಲಾಡ್ ಕ್ಯಾಮೆರಾ ಕೊಡಿಸಿದರು. ಇವರಿಬ್ಬರ ಸಂಬಂಧದಿಂದ ಒಂದು ಮಾರುಕಟ್ಟೆಯೇ ಬದಲಾಯ್ತು. ಆಗ ಹಳೇ ಫೋಟೊಗಳಿಗೆ ಬೆಲೆಯೇ ಇರಲಿಲ್ಲ. ಪೇಂಟಿಂಗ್ ಕಲೆ, ಫೋಟೊ ಬರೀ ಕಾಗದ ಅನ್ನೋ ಲೆಕ್ಕ. ವ್ಯಾಗ್‌ಸ್ಟಾಫ್ ಗುಡ್ಡೆ ಗುಡ್ಡೆ ಕೊಂಡು, 1984ರಲ್ಲಿ ತಮ್ಮ ಸಂಗ್ರಹವನ್ನು ಗೆಟ್ಟಿ ಮ್ಯೂಸಿಯಂಗೆ ಮಾರಿದರು. ಬೆಲೆ ಸುಮಾರು 50 ಲಕ್ಷ ಡಾಲರ್ ಅಂತ ವರದಿಯಾಯ್ತು.

ಒಂದೇ ಕೈ, ಎರಡು ಆಮಂತ್ರಣ

1977ರ ಫೆಬ್ರವರಿಯಲ್ಲಿ ನ್ಯೂಯಾರ್ಕಿನಲ್ಲಿ ಈತನ ಎರಡು ಪ್ರದರ್ಶನ ಒಟ್ಟೊಟ್ಟಿಗೆ ನಡೆದವು. ಹಾಲಿ ಸಾಲೊಮನ್ ಗ್ಯಾಲರಿಯಲ್ಲಿ ಮರ್ಯಾದಸ್ಥ ಚಿತ್ರಗಳು, 'ದಿ ಕಿಚನ್' ಅನ್ನೋ ಜಾಗದಲ್ಲಿ ಕಾಮದ ಚಿತ್ರಗಳು. ಎರಡಕ್ಕೂ ಆಮಂತ್ರಣ ಪತ್ರ ಒಂದೇ ತರ: 'ಪಿಕ್ಚರ್ಸ್' ಅಂತ ಬರೀತಿರೋ ಒಂದು ಕೈ. ಒಂದರಲ್ಲಿ ಬರಿಗೈ, ಇನ್ನೊಂದರಲ್ಲಿ ಕರಿ ಚರ್ಮದ ಗ್ಲೌಸ್. ಬರೀತಿರೋ ಪದ ಮಾತ್ರ ಒಂದೇ.

ಈತನ ಕೆಲಸವೆಲ್ಲ ಆ ಕಾರ್ಡಿನಲ್ಲೇ ಇದೆ ಅಂತ ನನಗನ್ನಿಸುತ್ತೆ. ಮುಂದೆ ಮೂರು ಸಂಪುಟ ಮಾಡಿದ, ಒಂದೊಂದರಲ್ಲಿ 13 ಫೋಟೊ. 1978ರ 'ಎಕ್ಸ್' ಸಂಪುಟದಲ್ಲಿ ಹಗ್ಗ, ಚರ್ಮದ ಉಡುಪು, ನೋವು ಬೆರೆತ, ಒಪ್ಪಿ ನಡೆಸುವ ಗಂಡಸರ ಲೈಂಗಿಕತೆ. ಅದೇ ವರ್ಷದ 'ವೈ' ಸಂಪುಟದಲ್ಲಿ ಹೂವು. 1981ರ 'ಝಡ್' ಸಂಪುಟದಲ್ಲಿ ಕಪ್ಪು ಜನಾಂಗದ ಗಂಡಸರ ನಗ್ನ ದೇಹ. ಮೂರನ್ನೂ ಪಕ್ಕಪಕ್ಕ ಇಟ್ಟರೆ ಒಂದು ವಿಷಯ ಗೊತ್ತಾಗುತ್ತೆ. ಬೆಳಕು ಒಂದೇ. ಚೌಕ ಒಂದೇ. ಲಿಲ್ಲಿ ಹೂವಿನ ಬಾಗು ನೋಡಿದಷ್ಟೇ ನಿಧಾನವಾಗಿ ಬೆನ್ನಿನ ಬಾಗನ್ನೂ ನೋಡಿದ್ದಾನೆ. ಯಾವುದಕ್ಕೂ ಕ್ಷಮೆ ಇಲ್ಲ, ಯಾವುದಕ್ಕೂ ಗದ್ದಲ ಇಲ್ಲ.

ಕೊಳಕಾಗಿ, ಮಸುಕಾಗಿ, ಕದ್ದು ತೆಗೆದ ಚಿತ್ರವಾಗಿದ್ದರೆ ಸಮಾಜಕ್ಕೆ ತೊಂದರೆ ಇರುತ್ತಿರಲಿಲ್ಲ. ಅಂಥದ್ದಕ್ಕೆ ಬೇರೆ ಅಂಗಡಿ, ಬೇರೆ ಬೀದಿ ಇತ್ತು. ಇವು ಮ್ಯೂಸಿಯಂ ಗೋಡೆಗೆ ತಕ್ಕಷ್ಟು ಚೆನ್ನಾಗಿದ್ದವು. ತೊಂದರೆ ಆಗಿದ್ದೇ ಅದರಿಂದ.

ಪ್ರದರ್ಶನ ರದ್ದಾದ ಬೇಸಿಗೆ

1986ರಲ್ಲಿ ಮೇಪಲ್‌ಥಾರ್ಪ್‌ಗೆ ಏಡ್ಸ್ ಇರೋದು ಗೊತ್ತಾಯ್ತು. 1987ರ ಜನವರಿಯಲ್ಲಿ ವ್ಯಾಗ್‌ಸ್ಟಾಫ್ ಅದೇ ಕಾಯಿಲೆಯಿಂದ ತೀರಿಕೊಂಡರು. 1988ರಲ್ಲಿ ವಿಟ್ನಿ ಮ್ಯೂಸಿಯಂನಲ್ಲಿ ದೊಡ್ಡ ಪ್ರದರ್ಶನ. ಅದೇ ವರ್ಷ ತನ್ನ ಹೆಸರಲ್ಲೊಂದು ಪ್ರತಿಷ್ಠಾನ ಮಾಡಿದ. ಫೋಟೊಗ್ರಫಿಗೂ ಏಡ್ಸ್ ಸಂಶೋಧನೆಗೂ ದುಡ್ಡು ಕೊಡೋಕೆ. ಅದೇ ವರ್ಷ ತನ್ನದೇ ಒಂದು ಫೋಟೊ ತೆಗೆದುಕೊಂಡ: ಸುತ್ತ ಪೂರ್ತಿ ಕಪ್ಪು, ತೇಲುತ್ತಿರೋ ಹಾಗೆ ಬತ್ತಿದ ಮುಖ, ಮುಂದೆ ಮುಷ್ಟಿಯಲ್ಲಿ ತಲೆಬುರುಡೆಯ ಹಿಡಿಕೆ ಇರೋ ಊರುಗೋಲು. 1989ರ ಮಾರ್ಚ್ 9ರಂದು ಬಾಸ್ಟನ್ ಆಸ್ಪತ್ರೆಯಲ್ಲಿ ತೀರಿಕೊಂಡ. ವಯಸ್ಸು 42.

ನಾನು ಶುರುವಲ್ಲಿ ಹೇಳಿದ 30 ಸಾವಿರದ ಪ್ರದರ್ಶನದ ಹೆಸರು 'ದಿ ಪರ್ಫೆಕ್ಟ್ ಮೊಮೆಂಟ್'. ಜ್ಯಾನೆಟ್ ಕಾರ್ಡನ್ ಅನ್ನೋ ಕ್ಯುರೇಟರ್ ಆರಿಸಿದ್ದು, 1988ರ ಡಿಸೆಂಬರ್‌ನಲ್ಲಿ ಫಿಲಡೆಲ್ಫಿಯಾದಲ್ಲಿ ಶುರುವಾಯ್ತು. ಅಲ್ಲಿ ಗಲಾಟೆ ಇಲ್ಲ. ಶಿಕಾಗೋದಲ್ಲೂ ಇಲ್ಲ. ಮುಂದಿನ ಊರು ವಾಷಿಂಗ್ಟನ್, ಕೊರ್ಕೊರನ್ ಗ್ಯಾಲರಿ, ವೈಟ್ ಹೌಸ್‌ಗೆ ನಡೆಯೋ ದೂರ.

ಅಷ್ಟರಲ್ಲಿ ಆಂಡ್ರೆಸ್ ಸೆರಾನೊ ಅನ್ನೋ ಇನ್ನೊಬ್ಬ ಕಲಾವಿದ ಶಿಲುಬೆಯನ್ನು ಮೂತ್ರದಲ್ಲಿ ಮುಳುಗಿಸಿ ತೆಗೆದ ಫೋಟೊ ಮೇಲೆ ಜಗಳ ಹತ್ತಿತ್ತು. ಅವನಿಗೆ ಸಿಕ್ಕಿದ್ದ 15 ಸಾವಿರ ಡಾಲರ್‌ನ ಮೂಲವೂ ಎನ್‌ಇಎ. 'ನಮ್ಮ ತೆರಿಗೆ ದುಡ್ಡಲ್ಲಿ ಇದಾ?' ಅನ್ನೋ ಕೂಗು ಎದ್ದಿತು. ಮೇಪಲ್‌ಥಾರ್ಪ್ ಬಗ್ಗೆ ನೂರಕ್ಕೂ ಹೆಚ್ಚು ಸಂಸದರು ಎನ್‌ಇಎಗೆ ಪತ್ರ ಬರೆದರು. ಸೆನೆಟರ್ ಜೆಸ್ಸಿ ಹೆಲ್ಮ್ಸ್ ಫೋಟೊಗಳ ಪ್ರತಿಗಳನ್ನೇ ತಂದು ಸಹೋದ್ಯೋಗಿಗಳಿಗೆ ತೋರಿಸಿ, ಅನುದಾನಕ್ಕೆ ಕಡಿವಾಣ ಹಾಕೋ ತಿದ್ದುಪಡಿ ಮಂಡಿಸಿದರು.

ಆದರೆ ಹೆಲ್ಮ್ಸ್ ತಿದ್ದುಪಡಿ ಬಂದಿದ್ದು ಜುಲೈನಲ್ಲಿ. ಕೊರ್ಕೊರನ್ ಗ್ಯಾಲರಿ ಜೂನ್‌ನಲ್ಲೇ, ಉದ್ಘಾಟನೆಗೆ ಮೂರು ವಾರ ಇರುವಾಗಲೇ, ಪ್ರದರ್ಶನ ರದ್ದು ಮಾಡಿತ್ತು. ಯಾವ ಕಾನೂನೂ ಹೇಳಿರಲಿಲ್ಲ, ಯಾವ ಕೋರ್ಟೂ ಹೇಳಿರಲಿಲ್ಲ. ಕೊಟ್ಟ ಸಮರ್ಥನೆ, ಕಲೆಯ ಅನುದಾನ ಕಾಪಾಡೋಕೆ ನಾವು ರಾಜಕೀಯದಿಂದ ದೂರ ನಿಂತಿದ್ದೀವಿ ಅಂತ.

ಲೆಕ್ಕ ಏನಾಯ್ತು ನೋಡಿ. ಜೂನ್ 30ರ ರಾತ್ರಿ ನೂರಾರು ಜನ ಸೇರಿ, ಒಳಗೆ ತೂಗುಹಾಕಬೇಕಿದ್ದ ಫೋಟೊಗಳನ್ನು ಅದೇ ಗ್ಯಾಲರಿಯ ಹೊರಗೋಡೆ ಮೇಲೆ ಪ್ರೊಜೆಕ್ಟರ್‌ನಲ್ಲಿ ದೊಡ್ಡದಾಗಿ ಬಿಟ್ಟರು. ಲೋವೆಲ್ ನೆಸ್‌ಬಿಟ್ ಅನ್ನೋ ಕಲಾವಿದ ಗ್ಯಾಲರಿಗೆ ಉಯಿಲಿನಲ್ಲಿ ಬರೆದಿಟ್ಟಿದ್ದ 15 ಲಕ್ಷ ಡಾಲರ್ ವಾಪಸ್ ತಗೊಂಡರು. ಅಂದ್ರೆ ಜಗಳದ ಮೊತ್ತದ 50 ಪಟ್ಟು. ವರ್ಷ ಮುಗಿಯೋದ್ರೊಳಗೆ ನಿರ್ದೇಶಕಿ ರಾಜೀನಾಮೆ ಕೊಟ್ಟರು. ಅದೇ ಪ್ರದರ್ಶನವನ್ನು ಊರಿನ ಒಂದು ಚಿಕ್ಕ ಕಲಾ ಸಂಸ್ಥೆ, ವಾಷಿಂಗ್ಟನ್ ಪ್ರಾಜೆಕ್ಟ್ ಫಾರ್ ದಿ ಆರ್ಟ್ಸ್, ಧೈರ್ಯವಾಗಿ ಮಾಡಿತು. 40 ಸಾವಿರಕ್ಕೂ ಹೆಚ್ಚು ಜನ ನೋಡಿದರು.

ಸಿನ್ಸಿನಾಟಿಯ ಎಂಟು ಜನ

ಈಗ ಒಹಾಯೊ ರಾಜ್ಯದ ಸಿನ್ಸಿನಾಟಿಗೆ ಬನ್ನಿ. ಪ್ರದರ್ಶನ ಇಲ್ಲಿನ ಕಂಟೆಂಪರರಿ ಆರ್ಟ್ಸ್ ಸೆಂಟರ್‌ಗೆ ಬರಬೇಕಿತ್ತು. ಅಶ್ಲೀಲತೆ ವಿರುದ್ಧ ಕಟ್ಟುನಿಟ್ಟು ಅಂತ ಹೆಸರಾದ ಊರು. ಇಲ್ಲಿನ ನಿರ್ದೇಶಕ ಡೆನ್ನಿಸ್ ಬ್ಯಾರಿ ರದ್ದು ಮಾಡಲಿಲ್ಲ. 18 ವರ್ಷದೊಳಗಿನವರಿಗೆ ಪ್ರವೇಶ ಇಲ್ಲ ಅಂತ ಬೋರ್ಡ್ ಹಾಕಿ ಬಾಗಿಲು ತೆಗೆದರು.

1990ರ ಏಪ್ರಿಲ್ 7ರಂದು ಸಾರ್ವಜನಿಕರಿಗೆ ತೆರೆದ ದಿನವೇ ಮ್ಯೂಸಿಯಂ ಮೇಲೂ ಬ್ಯಾರಿ ಮೇಲೂ ಆರೋಪಪಟ್ಟಿ. ಪೊಲೀಸರು ಒಳಗೆ ಬಂದು, ನೋಡ್ತಿದ್ದ ಜನರನ್ನು ಹೊರಗೆ ಕಳಿಸಿ, ಗೋಡೆ ಮೇಲಿನ ಚಿತ್ರಗಳನ್ನು ಸಾಕ್ಷಿಗೋಸ್ಕರ ವಿಡಿಯೊ ಮಾಡಿಕೊಂಡು ಹೋದರು. ಅಮೆರಿಕದಲ್ಲಿ ಗೋಡೆ ಮೇಲಿನ ಕಲೆಗಾಗಿ ಮ್ಯೂಸಿಯಂ ಒಂದು ಕ್ರಿಮಿನಲ್ ವಿಚಾರಣೆ ಎದುರಿಸಿದ್ದು ಅದೇ ಮೊದಲು. ತಪ್ಪು ಸಾಬೀತಾದರೆ ಬ್ಯಾರಿಗೆ ಒಂದು ವರ್ಷದ ತನಕ ಜೈಲು.

175 ಫೋಟೊಗಳಲ್ಲಿ ಆಕ್ಷೇಪ ಇದ್ದದ್ದು ಏಳರ ಮೇಲೆ. ಐದು 'ಎಕ್ಸ್' ಸಂಪುಟದ ಬಗೆಯವು. ಇನ್ನೆರಡು ಮಕ್ಕಳ ಫೋಟೊ; ಲೈಂಗಿಕ ಸನ್ನಿವೇಶ ಅಲ್ಲ, ಆದರೆ ಮೈ ಕಾಣುತ್ತೆ. ತೆಗೆಯುವಾಗ ತಾಯಂದಿರ ಒಪ್ಪಿಗೆ ಇತ್ತು. ಈ ಎರಡರ ಬಗ್ಗೆ ಇವತ್ತಿಗೂ ಮುಜುಗರ ಪಡುವವರು ಇದ್ದಾರೆ, ಆ ಮುಜುಗರವನ್ನು ನಾನು ತಳ್ಳಿಹಾಕಲ್ಲ. ಮಗು ತಾನೇ ಒಪ್ಪೋಕೆ ಆಗಲ್ಲ ಅನ್ನೋದು ಸರಿಯಾದ ಮಾತೇ.

ಅಶ್ಲೀಲ ಅಂತ ತೀರ್ಮಾನ ಮಾಡೋದು ಹೇಗೆ? 1973ರ ಮಿಲ್ಲರ್ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಮೂರು ಪ್ರಶ್ನೆ ಕೊಟ್ಟಿತ್ತು. ಒಂದು, ಆ ಊರಿನ ಈಗಿನ ಮಟ್ಟದಲ್ಲಿ ನೋಡೋ ಸಾಮಾನ್ಯ ಮನುಷ್ಯನಿಗೆ ಇಡೀ ಕೃತಿ ಬರೀ ಕಾಮ ಕೆರಳಿಸೋದು ಅನ್ನಿಸುತ್ತಾ? ಎರಡು, ಕಾನೂನು ಹೆಸರಿಸಿದ ಲೈಂಗಿಕ ಕ್ರಿಯೆಯನ್ನು ಅಸಹ್ಯವಾಗಿ ತೋರಿಸಿದೆಯಾ? ಮೂರು, ಗಂಭೀರವಾದ ಸಾಹಿತ್ಯಿಕ, ಕಲಾತ್ಮಕ, ರಾಜಕೀಯ, ವೈಜ್ಞಾನಿಕ ಮೌಲ್ಯ ಇಲ್ಲವಾ? ಮೂರಕ್ಕೂ ಹೌದು ಅಂದರೆ ಮಾತ್ರ ಅಶ್ಲೀಲ. ಆದರೆ 'ಇಡೀ ಕೃತಿ' ಅಂದ್ರೆ ಏನು? 175 ಫೋಟೊಗಳ ಪ್ರದರ್ಶನವಾ, ಒಂದೊಂದು ಫೋಟೊವಾ? ನ್ಯಾಯಾಧೀಶರು ಒಂದೊಂದು ಫೋಟೊವೂ ತನ್ನಷ್ಟಕ್ಕೇ ಒಂದು ಕೃತಿ ಅಂದರು. ಹೂವುಗಳ ಪಕ್ಕದಿಂದ ಕಿತ್ತು ಏಳನ್ನೇ ಬೇರೆ ಇಟ್ಟ ಹಾಗಾಯ್ತು. ಬ್ಯಾರಿಗೆ ಇದು ದೊಡ್ಡ ಪೆಟ್ಟು.

ಜ್ಯೂರಿಯಲ್ಲಿ ಎಂಟು ಜನ, ನಾಲ್ಕು ಹೆಂಗಸರು, ನಾಲ್ಕು ಗಂಡಸರು. ಕಲೆ ಬಲ್ಲವರಲ್ಲ, ನಮ್ಮ ನಿಮ್ಮಂಥ ದುಡಿಯೋ ಜನ. ಕ್ಯುರೇಟರ್‌ಗಳು ಬಂದು ರೇಖೆ, ಬೆಳಕು, ಸಮತೋಲನ ಅಂತ ಪಾಠ ಮಾಡಿದರು. ಅಕ್ಟೋಬರ್ 5ರಂದು ಜ್ಯೂರಿ ಸುಮಾರು ಎರಡೇ ಗಂಟೆ ಚರ್ಚಿಸಿ ತೀರ್ಪು ಕೊಟ್ಟಿತು: ಯಾವ ಆರೋಪದಲ್ಲೂ ತಪ್ಪಿತಸ್ಥರಲ್ಲ. ನಮಗೆ ಇಷ್ಟವಾಗದ್ದೂ ಕಲೆ ಆಗಿರಬಹುದು ಅಂತ ಆ ಎಂಟು ಜನ ಒಪ್ಪಿದ ಹಾಗಾಯ್ತು. ಅಷ್ಟರಲ್ಲಿ ಸಿನ್ಸಿನಾಟಿಯಲ್ಲಿ 80 ಸಾವಿರ ಜನ ಪ್ರದರ್ಶನ ನೋಡಿ ಆಗಿತ್ತು.

ಇಲ್ಲಿ ನನಗೊಂದು ತಕರಾರಿದೆ. ಕೋರ್ಟಲ್ಲಿ ಗೆಲ್ಲೋಕೆ ಫೋಟೊಗಳನ್ನು ಬರೀ ರೇಖಾಗಣಿತ ಮಾಡಿದರು. ಮೇಪಲ್‌ಥಾರ್ಪ್ ತೆಗೆದಿದ್ದು ರೇಖಾಗಣಿತ ಅಲ್ಲ, ತನ್ನ ಜನರನ್ನು, ತನ್ನ ಬಯಕೆಯನ್ನು. ವಿಮರ್ಶಕ ಡೇವ್ ಹಿಕ್ಕಿ 1993ರಲ್ಲಿ ಬಂದ 'ದಿ ಇನ್‌ವಿಸಿಬಲ್ ಡ್ರಾಗನ್' ಪುಸ್ತಕದಲ್ಲಿ ಇದನ್ನೇ ತಿರುಗಿಸಿ ವಾದಿಸಿದರು: ಸೌಂದರ್ಯಕ್ಕೆ ಮನ ಒಲಿಸೋ ಶಕ್ತಿ ಇದೆ ಅಂತ ಗುರುತಿಸಿದ್ದು ಸಮರ್ಥಕರಿಗಿಂತ ವಿರೋಧಿ ಹೆಲ್ಮ್ಸ್ ಅವರೇ ಅಂತ.

ಗೆದ್ದಮೇಲೆ ಏನಾಯ್ತು?

ಖಜಾನೆ ಕಡೆ ನೋಡೋಣ. 1989ರಲ್ಲೇ ಸಂಸತ್ತು ಎನ್‌ಇಎ ಬಜೆಟ್‌ನಿಂದ ಸರಿಯಾಗಿ 45 ಸಾವಿರ ಡಾಲರ್ ಕಿತ್ತುಕೊಂಡಿತು. 30 ಪ್ಲಸ್ 15. ಉಳಿತಾಯಕ್ಕಲ್ಲ, ಬೆರಳು ತೋರಿಸಿ ಎಚ್ಚರಿಸೋಕೆ. 1990ರಲ್ಲಿ, ಅನುದಾನ ಕೊಡುವಾಗ ಸಭ್ಯತೆಯನ್ನೂ ಜನರ ನಂಬಿಕೆಗಳ ಮೇಲಿನ ಗೌರವವನ್ನೂ ಗಮನಿಸಬೇಕು ಅನ್ನೋ ಷರತ್ತು ಕಾನೂನಿಗೆ ಬಂತು. 1998ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡೀತು. 1995–96ರಲ್ಲಿ ಎನ್‌ಇಎ ಬಜೆಟ್ 16 ಕೋಟಿಯಿಂದ 10 ಕೋಟಿ ಡಾಲರ್‌ಗಿಂತ ಕೆಳಗಿಳಿಯಿತು. ಕಲಾವಿದರಿಗೆ ನೇರವಾಗಿ ಕೊಡ್ತಿದ್ದ ಅನುದಾನ ಬಹುಪಾಲು ನಿಂತೇಹೋಯ್ತು, ಬರಹಗಾರರ ಫೆಲೊಶಿಪ್‌ನಂಥ ಕೆಲವು ಬಿಟ್ಟು.

ಮೇಪಲ್‌ಥಾರ್ಪ್‌ಗೆ ಇದರಿಂದ ನಷ್ಟ ಆಗಲಿಲ್ಲ. ಬೆಲೆ ಏರ್ತಾನೇ ಹೋಯ್ತು. 2011ರಲ್ಲಿ ಗೆಟ್ಟಿ ಮತ್ತು ಲಾಸ್ ಏಂಜಲೀಸ್ ಕೌಂಟಿ ಮ್ಯೂಸಿಯಂ ಸೇರಿ ಅವನ ಕೆಲಸದ ದೊಡ್ಡ ಸಂಗ್ರಹವನ್ನು ತಮ್ಮದಾಗಿಸಿಕೊಂಡವು. 2015ರಲ್ಲಿ 'ಮ್ಯಾನ್ ಇನ್ ಪಾಲಿಯೆಸ್ಟರ್ ಸೂಟ್' ಅನ್ನೋ 1980ರ ಫೋಟೊದ ಒಂದು ಪ್ರತಿ 4,78,000 ಡಾಲರ್‌ಗೆ ಹರಾಜಾಯ್ತು. ನಷ್ಟ ಆಗಿದ್ದು ಯಾರಿಗೆ? ಆಗಷ್ಟೇ ಶುರು ಮಾಡಿದ್ದ, ಹೆಸರಿಲ್ಲದ, ಪೋಷಕರಿಲ್ಲದ ಕಲಾವಿದರಿಗೆ.

ಆ ಪಾಲಿಯೆಸ್ಟರ್ ಸೂಟ್ ಬಗ್ಗೆ ಹೇಳದೆ ಮುಂದೆ ಹೋದರೆ ಕಥೆ ಅರ್ಧವಾಗುತ್ತೆ. ಅದರಲ್ಲಿ ಒಬ್ಬ ಕಪ್ಪು ಮನುಷ್ಯನ ಎದೆಯಿಂದ ತೊಡೆತನಕ ಇದೆ. ಸೂಟಿನ ಜಿಪ್ಪಿನಿಂದ ಅವನ ಗುಪ್ತಾಂಗ ಹೊರಗೆ. ಮುಖವನ್ನು ಚೌಕಟ್ಟಿನಿಂದ ಕತ್ತರಿಸಲಾಗಿದೆ. ಬಿಳಿ ಫೋಟೊಗ್ರಾಫರ್ ಕಪ್ಪು ಮನುಷ್ಯನನ್ನು ಬರೀ ಅಂಗವಾಗಿ ನೋಡಿದ್ದಾನೆ ಅನ್ನೋ ಟೀಕೆ ಕವಿ ಎಸೆಕ್ಸ್ ಹೆಂಪ್‌ಹಿಲ್ ಅಂಥವರಿಂದ ಬಂತು. ಅವರೂ ಕಪ್ಪು ಜನಾಂಗದ, ಸಲಿಂಗಪ್ರೇಮಿ ಬರಹಗಾರರೇ. ವಿಮರ್ಶಕ ಕೊಬೆನಾ ಮರ್ಸರ್ ಮೊದಲು ಖಾರವಾಗಿ ಬರೆದು, ಆಮೇಲೆ ತಮ್ಮದೇ ಲೇಖನವನ್ನು ಮರುಪರಿಶೀಲಿಸಿದರು. ಆ ದೇಹಗಳ ಕಡೆ ತಮಗೂ ಸೆಳೆತ ಇತ್ತು, ಅದನ್ನು ಬಚ್ಚಿಟ್ಟು ವಾದಿಸೋದು ಸರಿಯಲ್ಲ ಅಂತ.

ಕಲಾವಿದ ಗ್ಲೆನ್ ಲೈಗನ್ ಮಾಡಿದ್ದು ನನಗೆ ತುಂಬ ಹಿಡಿಸಿತು. ಮೇಪಲ್‌ಥಾರ್ಪ್‌ನ 'ಬ್ಲ್ಯಾಕ್ ಬುಕ್' ಪುಸ್ತಕದ ಹಾಳೆಗಳನ್ನು ಫ್ರೇಮ್ ಹಾಕಿ ಗೋಡೆಗೆ ಎರಡು ಸಾಲಾಗಿ ತೂಗುಹಾಕಿದರು. ನಡುವೆ ಚಿಕ್ಕ ಚಿಕ್ಕ ಚೌಕಟ್ಟಿನಲ್ಲಿ ಮಾತುಗಳು: ವಿಮರ್ಶಕರದ್ದು, ರಾಜಕಾರಣಿಗಳದ್ದು, ಬಾರಲ್ಲಿ ಸಿಕ್ಕವರದ್ದು. 1993ರ ವಿಟ್ನಿ ಬೈಯೆನಿಯಲ್‌ನಲ್ಲಿ ಅದು ಪ್ರದರ್ಶನ ಆಯ್ತು. ಅವರು ಫೋಟೊ ತೆಗೆದುಹಾಕಿ ಅನ್ನಲಿಲ್ಲ, ಪಕ್ಕದಲ್ಲೇ ಜಗಳವನ್ನೂ ಇಟ್ಟರು. ರದ್ದು ಮಾಡಿದ ಚಿತ್ರದ ಜೊತೆ ಹೀಗೆ ಜಗಳ ಆಡೋಕಾಗಲ್ಲ.

ನಮಗೇನು ಸಂಬಂಧ?

ಒಂದು ಕಾನೂನಿನ ಸಂಬಂಧ ಇದೆ. ನಮ್ಮಲ್ಲಿ ಅಶ್ಲೀಲತೆಗೆ ಐಪಿಸಿ 292 ಇತ್ತು, 2024ರ ಜುಲೈನಿಂದ ಬಿಎನ್‌ಎಸ್ 294. 1964ರಲ್ಲಿ 'ಲೇಡಿ ಚಾಟರ್ಲಿ' ಕಾದಂಬರಿ ಮಾರಿದ ಮುಂಬೈ ಪುಸ್ತಕದ ಅಂಗಡಿಯವರ ಕೇಸಲ್ಲಿ ಸುಪ್ರೀಂ ಕೋರ್ಟ್ ಹಳೇ ಇಂಗ್ಲಿಷ್ ಅಳತೆಗೋಲು ಹಿಡೀತು: ಸುಲಭವಾಗಿ ಕೆಡಬಹುದಾದ ಮನಸ್ಸಿನ ಮೇಲೆ ಇದರ ಪರಿಣಾಮ ಏನು? 2014ರ ಅವೀಕ್ ಸರ್ಕಾರ್ ಪ್ರಕರಣದಲ್ಲಿ ಆ ಅಳತೆಗೋಲನ್ನು ಕೈಬಿಟ್ಟು, ಅಮೆರಿಕದ ತೀರ್ಪುಗಳನ್ನೂ ನೋಡಿ, ಇವತ್ತಿನ ಸಮಾಜದ ಮಟ್ಟವೇ ಅಳತೆ ಅಂತ ಹೇಳಿತು. ಆ ಕೇಸೂ ಒಂದು ಫೋಟೊದ್ದೇ: ಟೆನ್ನಿಸ್ ಆಟಗಾರ ಬೋರಿಸ್ ಬೆಕರ್ ತನ್ನ ಪ್ರಿಯತಮೆ ಜೊತೆ ಬರಿಮೈಯಲ್ಲಿ ನಿಂತಿದ್ದು, ವರ್ಣಭೇದದ ವಿರುದ್ಧ.

ಇನ್ನೊಂದು ಸಂಬಂಧ ನನ್ನದೇ. ಎರಡು ವರ್ಷದ ಹಿಂದೆ ಬೆಂಗಳೂರಿನ ಬೇರೆ ಬೇರೆ ದುಡಿಮೆಗಳ ಬಗ್ಗೆ ಒಂದು ಎಪಿಸೋಡ್ ಮಾಡಿದ್ದೆ, ಕೆಲವರಿಗೆ ನೆನಪಿರಬಹುದು. ಅದರಲ್ಲಿ ಚಿತ್ರಕಲೆ ವಿದ್ಯಾರ್ಥಿಗಳಿಗೆ ಮಾಡೆಲ್ ಆಗಿ ಕೂರುವ ಒಬ್ಬ ಹೆಂಗಸು ಮಾತಾಡಿದ್ದರು. ಬಟ್ಟೆ ಇಲ್ಲದೆ ಕೂರೋದು, ಅಲುಗಾಡದೆ ಇರೋದು, ಸೊಂಟ ನೋವು, ಗಂಟೆಗಿಷ್ಟು ಅಂತ ದುಡ್ಡು, ಮನೆಯಲ್ಲಿ ಹೇಳದೆ ಇರೋದು. ಹನ್ನೊಂದು ನಿಮಿಷ. ಆಗ ನನಗೆ ಮೊದಲ ಜಾಹೀರಾತುದಾರರ ಜೊತೆ ಮಾತುಕತೆ ನಡೀತಿತ್ತು. ಅವರು ಏನೂ ಹೇಳಿರಲಿಲ್ಲ. ನಾನೇ ಕೂತು ಆ ಹನ್ನೊಂದು ನಿಮಿಷ ಕತ್ತರಿಸಿದೆ.

ಆ ಹೆಂಗಸು ಫೋನ್ ಮಾಡಿದರು. 'ಏನಪ್ಪಾ, ನಾನು ಮಾತಾಡಿದ್ದು ಬರ್ಲೇ ಇಲ್ವಲ್ಲ?' ಅಂದರು. ಟೈಮ್ ಜಾಸ್ತಿ ಆಯ್ತಕ್ಕ ಅಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, 'ಹೇಳೋಕೆ ನಂಗೇ ನಾಚ್ಕೆ ಆಗ್ಲಿಲ್ಲ, ನಿಂಗ್ಯಾಕಪ್ಪ ಆಯ್ತು' ಅಂದು ಇಟ್ಟರು. ಜಾಹೀರಾತು ಮೂರು ತಿಂಗಳು ಬಂತು, ಆಮೇಲೆ ನಿಂತಿತು. ಅದಕ್ಕೂ ಇದಕ್ಕೂ ಸಂಬಂಧ ಇರಲಿಲ್ಲ.

ಕೊರ್ಕೊರನ್ ಬಗ್ಗೆ ಓದುವಾಗ ನನಗೆ ನಗು ಬರಲಿಲ್ಲ, ಈ ಫೋನ್ ನೆನಪಾಯ್ತು. ಸಿನ್ಸಿನಾಟಿಯಲ್ಲಿ ಪೊಲೀಸರು ಬಂದರು, ಕೇಸ್ ಹಾಕಿದರು. ಎದುರಿಗೆ ಯಾರೋ ಇದ್ದರು, ವಾದ ಮಾಡಬಹುದಿತ್ತು, ಗೆಲ್ಲಬಹುದಿತ್ತು, ಗೆದ್ದರು. ವಾಷಿಂಗ್ಟನ್‌ನಲ್ಲಿ ಯಾರೂ ಬರೋ ಮುಂಚೆಯೇ ಬಾಗಿಲು ಹಾಕಿಕೊಂಡರು. ಅದರ ವಿರುದ್ಧ ಯಾವ ಕೋರ್ಟಿಗೆ ಹೋಗ್ತೀರಿ? ಕೊರ್ಕೊರನ್ ಗ್ಯಾಲರಿ 2014ರಲ್ಲಿ ಹಣಕಾಸಿನ ಸಮಸ್ಯೆಯಿಂದ ಮುಚ್ಚಿತು. ರದ್ದು ಮಾಡಿದ್ದೇ ಅದಕ್ಕೆ ಕಾರಣ ಅಂತ ನಾನು ಹೇಳಲ್ಲ. ಆದರೆ ಅವತ್ತು ಹೆದರಿದ್ದರಿಂದ ಅದಕ್ಕೆ ಏನೂ ಉಳಿತಾಯ ಆಗಲಿಲ್ಲ ಅಂತ ಲೆಕ್ಕ ಓದಿದವನಾಗಿ ಹೇಳಬಲ್ಲೆ.

ಮೇಪಲ್‌ಥಾರ್ಪ್‌ನ ಎಲ್ಲ ಫೋಟೊ ನಿಮಗೆ ಹಿಡಿಸಬೇಕು ಅಂತಿಲ್ಲ. ನನಗೂ ಎಲ್ಲ ಹಿಡಿಸಿಲ್ಲ. ಹೂವುಗಳಿಂದ ಶುರು ಮಾಡಿ, 1988ರ ಊರುಗೋಲಿನ ಚಿತ್ರ ನೋಡಿ, ಆಮೇಲೆ ಉಳಿದದ್ದು. ನೋಡಿದ ಮೇಲೆ ಬೈಯಬೇಕು ಅನ್ನಿಸಿದರೆ ಬೈಯಿರಿ.

ಹೋದ ವಾರ ಆ ಅಕ್ಕನಿಗೆ ಫೋನ್ ಮಾಡಿದ್ದೆ. ಈಗ ಹಾಕಬಹುದಾ ಅಂತ ಕೇಳಿದೆ. ಹೆಸರು ಬೇಡ, ಮಾತು ಹಾಕು ಅಂದರು. ಆ ಹನ್ನೊಂದು ನಿಮಿಷ ಈ ಎಪಿಸೋಡಿನ ಕೊನೆಯಲ್ಲಿದೆ, ಒಂದು ಪದವನ್ನೂ ಕತ್ತರಿಸಿಲ್ಲ. ಕೇಳಿಸಿಕೊಂಡೇ ಹೋಗಿ.